ಪೇಪರಿನ ಬೈಂಡು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕೂತವರು ಕೆನ್ನೆ ಊದಿಸಿಕೊಂಡೇ ಓದುತ್ತಿದ್ದರು. ಪುಸ್ತಕಕ್ಕೆ ನ್ಯೂಸ್ ಪೇಪರಿನ ಬೈಂಡು. ಅವರ ಹೆಂಡತಿ ತೆರೆದ ಪುಟದೊಳಗೆ ಇಣುಕಿದರು.

“ಇದು ನಿಮ್ಮ ಗೆಳೆಯರ ಕಾದಂಬರಿ ಅಲ್ವಾ?”

“ಮೆಲ್ಲಗೆ ಮಾತಾಡೇ.”

“ಹೋದ ವಾರ ಪೇಪರ್‌ನಲ್ಲಿ ಹಿಗ್ಗಾಮುಗ್ಗಾ ಬೈದು ಬರೆದ್ರಲ್ಲ?”

“ಆಗ ಓದಿರಲಿಲ್ಲ.”

“ಓದ್ದೇನೇ ಬೈದ್ರಾ?”

“ಊರೆಲ್ಲಾ ಹೊಗಳ್ತಿದ್ರೆ ಇನ್ನೇನು ಓದೋದು?”

“ಈಗ್ಯಾಕೆ ಓದ್ತಿದೀರಾ?”

“ಎಲ್ಲಾದ್ರೂ ಒಂದು ತಪ್ಪು ಸಿಗುತ್ತೇನೋ ಅಂತ.”

“ಸಿಕ್ತಾ?”

“ಹಾಳಾದವನು, ಒಂದೂ ಇಲ್ಲ. ಹೊಟ್ಟೆ ಉರೀತಿದೆ ಕಣೇ.”

“ಫೋನ್ ಮಾಡಿ ಚೆನ್ನಾಗಿದೆ ಅನ್ನಿ.”

“ಸತ್ರೂ ಅನ್ನಲ್ಲ.”

ನರ್ಸ್ ಕರೆದರು. ಹೆಂಡತಿ ಕೈ ಚಾಚಿದರು.

“ಪುಸ್ತಕ ಕೊಡಿ, ಹಿಡ್ಕೊಂಡಿರ್ತೀನಿ.”

“ಬೇಡ, ಇನ್ನೆರಡೇ ಪುಟ ಇದೆ.”

ಅವರು ಪುಸ್ತಕವನ್ನು ಎದೆಗವಚಿಕೊಂಡು ಒಳಗೆ ಹೋದರು. ಬೈಂಡು ಹಾಕಿದ್ದ ಹೋದ ವಾರದ ಪೇಪರಿನಲ್ಲಿ ಅವರದೇ ಫೋಟೋ ಇತ್ತು. ಕೆಳಗೆ ದಪ್ಪಕ್ಷರದಲ್ಲಿ: ‘ಎರಡು ಪುಟವೂ ಓದಿಸಿಕೊಳ್ಳದ ಕಾದಂಬರಿ.’