ಕುಂಕುಮಕ್ಕೆ ಬಂದವಳು

ಬನ್ನಿ, ಒತ್ತಿಕೊಂಡು ಕೂತ್ಕೊಳ್ಳಿ. ಫೋನು ಮಗುಚಿಡಿ. ಕಾಲು ಮಂಚದಿಂದ ಕೆಳಗೆ ಇಳಿಬಿಡಬೇಡಿ... ಹಾಂ, ಈಗ ಹೇಳ್ತೀನಿ. ಕಟ್ಟುಕತೆಯಲ್ಲ ಇದು. ಜುರಾಂಗ್ ಈಸ್ಟಿನಲ್ಲಿ ನಮ್ಮ ಪಕ್ಕದ ಬ್ಲಾಕಿನ ಜಯಾಗೆ ಆಗಿದ್ದು.

ಜಯಾಗೆ ಒಂದು ಚಾಳಿ. ಕಂಡವರನ್ನೆಲ್ಲ ಮನೆಗೆ ಕರೀತಾಳೆ. ಲಿಫ್ಟಿನಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು, ಯಾರಾದರೂ ಸರಿ, "ಬನ್ನಿ ಮನೆಗೆ."

ಅವತ್ತು ಶ್ರಾವಣ ಶುಕ್ರವಾರ. ಮಗಳು ಗಗನಾಗೆ ಆಗ ಎಂಟು ವರ್ಷ, ಡ್ರಾಯಿಂಗ್ ಹುಚ್ಚು. ಫ್ರಾನ್ಸಿನ ಹಳೇ ಚಿತ್ರಗಳು ಮ್ಯೂಸಿಯಮ್ಮಿಗೆ ಬಂದಿದ್ದವು. ಇಂಪ್ರೆಷನಿಸ್ಟ್ ಅಂತಾರಂತೆ. ಪುಸ್ತಕದಲ್ಲಿ ನೋಡಿದ್ದು ಸಾಲದು, ನಿಜವಾದ್ದೇ ನೋಡಬೇಕು ಅಂತ ಅವಳ ಹಠ. ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಹೋದರು.

ಮೂಲೆಯಲ್ಲೊಂದು ಚಿತ್ರ. ಹೊಳೆ ದಂಡೆ, ನೀಲಿ ಲಂಗದ ಹೆಂಗಸು, ಒಬ್ಬಳೇ. ದೂರದಿಂದ ಎಷ್ಟು ಲಕ್ಷಣವಾದ ಮುಖ! ಹತ್ತಿರ ಹೋದರೆ... ಮುಖವೇ ಇಲ್ಲ. ಬರೀ ಮೆತ್ತಿದ ಬಣ್ಣ.

"ಅಮ್ಮಾ, ಹಿಂದೆ ಬಾ. ಇದನ್ನ ದೂರದಿಂದಲೇ ನೋಡ್ಬೇಕು."

"ಪಾಪ, ಒಬ್ಬಳೇ ಕೂತಿದಾಳೆ ಕಣೆ." ಜಯಾ ನಕ್ಕು ಚಿತ್ರಕ್ಕೆ ಕೈ ಮುಗಿದಳು. "ಸಂಜೆ ಅರಿಶಿನ ಕುಂಕುಮಕ್ಕೆ ಬನ್ನಿ. ತಪ್ಪಿಸ್ಬೇಡಿ ಮತ್ತೆ!"

"ಅಮ್ಮಾ! ಸೆಕ್ಯೂರಿಟಿ ಅಂಕಲ್ ನೋಡ್ತಿದಾರೆ!"

ತಮಾಷೆಗೆ ಅಂದಿದ್ದು... ಪಾಪ, ತಮಾಷೆಗೆ.

ಎಂಆರ್‌ಟಿ ರೈಲು ಇಳಿದು ಬರುವಾಗ ಕತ್ತಲಾಗಿತ್ತು. ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್, ಖಾಲಿ. ಹಿಂದೆ... ಸರ್... ಸರ್... ಒದ್ದೆ ಬಟ್ಟೆ ನೆಲದ ಮೇಲೆ ಎಳೆದ ಸದ್ದು. ತಿರುಗಿದರೆ ಯಾರೂ ಇಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು. ಟಿಂಗ್... ತೆರೆಯಿತು. ಮತ್ತೆ ಮುಚ್ಚಿತು. ಟಿಂಗ್... ಯಾರೋ ಅಡ್ಡ ನಿಂತ ಹಾಗೆ.

ಗಂಡ ಸುಹಾಸ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಜಯಾ ದೇವರಿಗೆ ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಹಾಲಿಗೆ ಬಂದಳು.

ಸೋಫಾದ ಮೇಲೆ ನೀಲಿ ಲಂಗ. ಪಕ್ಕದಲ್ಲಿ ಗಗನಾ. ಮಗುವಿನ ಬಲಗೈ ಆ ಹೆಂಗಸಿನ ಕೈಯಲ್ಲಿ.

ಜಯಾ ಬಟ್ಟಲನ್ನ ಎದೆಗೆ ಒತ್ತಿಕೊಂಡಳು. ಕರೆದವಳು ತಾನೇ. ಕುಂಕುಮಕ್ಕೆ ಅಂತ ಕರೆದ ಮೇಲೆ, ಅದನ್ನ ಕೊಡದೆ ಏಳಿಸೋದು ಹೇಗೆ? ಎರಡು ಹೆಜ್ಜೆ ಮುಂದೆ ಹೋದಳು. ಹೆಂಗಸಿನ ಮುಖ ಕಲೆಸಿಹೋಯಿತು. ಬಿಳಿ, ಗುಲಾಬಿ, ಬೂದಿ... ಹಣೆ ಎಲ್ಲಿ? ಕುಂಕುಮ ಇಡೋದೆಲ್ಲಿಗೆ? ಹಿಂದೆ ಸರಿದಳು. ಮತ್ತೆ ಮುಖ. ಕಾಯ್ತಾ ಕೂತಿದೆ.

ಹೀಗೇ ಹೋಗಿ ಬಂದು, ಹೋಗಿ ಬಂದು... ಅಷ್ಟರಲ್ಲಿ ಮಗಳ ಕಡೆ ನೋಡಿದಳು. ಗಗನಾ ಮುಖವೂ ಕಲೆಸಿಹೋಗ್ತಾ ಇತ್ತು. ಮೂಗು ಕೆನ್ನೆಗೆ ಸೇರಿತ್ತು. ಕಣ್ಣು ಎರಡು ಕಪ್ಪು ಗೀಟು.

"ಕಂದಾ... ಎದ್ದು ಬಾ."

"ಬಿಡ್ತಿಲ್ಲ ಅಮ್ಮಾ. ಕೈ ತಣ್ಣಗಿದೆ."

"ಅವರ ಹಣೆ... ನಿಂಗೆ ಕಾಣತ್ತಾ?"

"ಕಾಣತ್ತೆ."

ಇನ್ನೇನು ಮಾಡಿಯಾಳು? ಬೆಳ್ಳಿ ಬಟ್ಟಲನ್ನ ನೆಲದ ಮೇಲೆ ಮಗಳ ಕಡೆ ಜಾರಿಸಿದಳು. ಕಿರ್‍ರ್... ಗಗನಾ ಬಗ್ಗಿ ಎಡಗೈಯಿಂದಲೇ ಕುಂಕುಮ ತಗೊಂಡು ಆ ಹೆಂಗಸಿನ ಹಣೆಗೆ ಇಟ್ಟಳು. ಸರ್... ಸರ್... ಸದ್ದು ಬಾಗಿಲ ತನಕ ಹೋಯಿತು. ಸೋಫಾದಲ್ಲಿ ಮಗು ಒಂದೇ.

ಜಯಾ ಓಡಿ ಹೋಗಿ ತಬ್ಬಿಕೊಂಡಳು. ಗಲ್ಲ ಎತ್ತಿ ನೋಡಿದಳು... ಬರೀ ಬಣ್ಣ.

ಆಮೇಲೆ ಯಾರು ಏನಾದರು ಅಂತೀರಾ? ಸುಹಾಸ ಹೆಂಡತೀನ ಕಣ್ಣಿನ ಡಾಕ್ಟರಿಗೆ ತೋರಿಸಿದ. ಕಣ್ಣಲ್ಲೇನೂ ದೋಷವಿಲ್ಲ ಅಂದರು. ಅವನು ಇವತ್ತಿಗೂ ನಂಬಲ್ಲ, ಆದರೆ ಆ ಸೋಫಾ ಮಾತ್ರ ಮಾರನೇ ದಿನವೇ ಸಾಗಹಾಕಿದ. ಚಿತ್ರ ವಾಪಸ್ ಫ್ರಾನ್ಸಿಗೆ ಹೋಯಿತು. ಅವಳೂ ಅದರ ಜೊತೆ ಹೋದಳೋ ಇಲ್ಲವೋ, ನಂಗೊತ್ತಿಲ್ಲ. ಗಗನಾ ಈಗ ಸೆಕೆಂಡರಿ ಸ್ಕೂಲು, ಚೂಟಿ ಹುಡುಗಿ. ನಮಗೆಲ್ಲ ಅವಳ ಮುಖ ಚೆನ್ನಾಗೇ ಕಾಣತ್ತೆ. ಹೆತ್ತವಳಿಗೆ ಮಾತ್ರ ಹತ್ತಿರದಿಂದ ಕಾಣಲ್ಲ.

ಸುಳ್ಳಲ್ಲ ಮಕ್ಕಳಾ, ದೀಪದ ಆಣೆ. ಮೊನ್ನೆ ಕಾಫಿಗೆ ಹೋಗಿದ್ದೆ. ಜಯಾ ವಿಡಿಯೋ ಕಾಲ್ ಮಾಡಿ ಫೋನಿನಲ್ಲಿ ಮಗಳ ಮುಖ ನೋಡ್ತಾ ಇದ್ದಳು. ಗಗನಾ ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು.