ಕಮಾಂಡರ್ ಮನೆಯ ಬಾಗಿಲುಗಳು

ನೋಂದಣಿ ಕಚೇರಿಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿಗೆ, ಬೇಡವೆಂದರೂ ಪಕ್ಕದ ಅಕ್ಕ-ತಮ್ಮನ ಮಾತು ಕಿವಿಗೆ ಬೀಳುತ್ತಿತ್ತು.

"ಅಕ್ಕ, ಅಪ್ಪನ ಮನೇಲಿ ಮ್ಯೂಸಿಯಂ ಮಾಡೋರು ಪದಕ ಇಡೋ ಕೋಣೆಗೆ ಬಾಗಿಲು ಕೂರಿಸಿಕೊಡಿ ಅಂತಿದಾರೆ."

"ಅಪ್ಪ ನೌಕಾಪಡೆಯಿಂದ ರಿಟೈರ್ ಆಗಿ ಬಂದ ವಾರಾನೇ ಬೀದಿ ಬಾಗಿಲೊಂದು ಬಿಟ್ಟು ಎಲ್ಲಾ ಕಿತ್ತು ಅಟ್ಟಕ್ಕೆ ಹಾಕಿದ್ರಲ್ಲೋ."

"ಬಚ್ಚಲಿಗೂ ಪರದೆ. ನನ್ನ ಫ್ರೆಂಡ್ಸೆಲ್ಲ ನಗೋರು."

"ಯುದ್ಧದಲ್ಲಿ ಹಡಗಿಗೆ ನೀರು ನುಗ್ಗಿದಾಗ, ಕೆಳಗಿನ ಬಾಗಿಲು ಮುಚ್ಚಿ ಅಂದಿದ್ದು ಅಪ್ಪನೇ."

"ಗೊತ್ತು. ಹಡಗು ಉಳೀತು, ಪದಕ ಬಂತು."

"ಆ ಬಾಗಿಲ ಹಿಂದೆ ಹನ್ನೊಂದು ಜನ ಇದ್ರು. ಬಡೀತಾನೇ ಇದ್ರಂತೆ."

ತಮ್ಮ, ಕೈಯಲ್ಲಿದ್ದ ಮನೆಯ ಪತ್ರವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅಪ್ಪ ನಂಗ್ಯಾಕೆ ಹೇಳ್ಲಿಲ್ಲ?"

"ನಂಗೂ ಹೇಳಿರ್ಲಿಲ್ಲ. ಕೊನೇ ವಾರ ಆಸ್ಪತ್ರೇಲಿ ನರ್ಸಿಗೆ ಹೇಳ್ತಿದ್ರು, ಬಾಗಿಲು ಹಾಕ್ಬೇಡಮ್ಮ ಅಂತ. ಯಾಕೆ ಅಂತ ಅವಳು ಕೇಳಿದ್ದಕ್ಕೆ ಇದೆಲ್ಲ ಹೇಳಿದ್ರು, ನಾನು ಅಲ್ಲೇ ಇದ್ದೆ."

"ಈಗ ಬಡಗಿಗೆ ಏನ್ ಹೇಳ್ಲಿ?"

"ಕೂರಿಸ್ಲಿ ಬಿಡು. ಪದಕ ಅಂದ್ಮೇಲೆ ಬೀಗ ಬೇಕಲ್ವಾ."

ಅಷ್ಟರಲ್ಲಿ ಒಳಗಿನಿಂದ ಗುಮಾಸ್ತ ಕರೆದ. ಇಬ್ಬರೂ ಎದ್ದು ಹೋದರು.

"ಬಾಗಿಲು ಹಾಕ್ಕೊಂಡು ಬನ್ನಿ," ಎಂದ ಗುಮಾಸ್ತ.

ಅಕ್ಕ ಹಿಡಿಕೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಸದ್ದಾಗದ ಹಾಗೆ ಎಳೆದುಕೊಂಡಳು.