ಎಡಗೈಯ ಡೊಳ್ಳು

೧೯೮೬ರ ಒಂದು ಮಧ್ಯಾಹ್ನ ಹುನಗುಂದದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಗೆಳೆಯರು ಟೇಪ್ ರೆಕಾರ್ಡರಿಗೆ ಕಿವಿಗೊಟ್ಟಿದ್ದರು. ಡೊಳ್ಳಿನಂಥ ಸದ್ದು ಬರುತ್ತಿತ್ತು, ಆದರೆ ಚರ್ಮದ ಸದ್ದಲ್ಲ.

“ಇದನ್ನ ಯಾತರಾಗ ಮಾಡಿದಿಲೇ, ಲಕ್ಷ್ಮಪ್ಪ?”

“ಹಳೇ ರೇಡಿಯೊದ ಸಾಮಾನು ಜೋಡಿಸಿ ಒಂದು ಪೆಟ್ಟಿಗಿ ಮಾಡೇನಿ. ಗುಂಡಿ ಒತ್ತಿದ್ರ ಡೊಳ್ಳಿನಂಗ ಬಡೀತೈತಿ. ಇದರ ಮ್ಯಾಲೆ ನೀ ನಿನ್ನ ಕೀಬೋರ್ಡ್ ನುಡಿಸು, ರಾಚಪ್ಪ.”

“ಭಾಳ ಚಲೋ ಐತಿ. ಆದ್ರ ನಡುವ ತಾಳ ತಪ್ಪೇತಿ. ಅಷ್ಟು ಅಳಿಸಿ ಮತ್ತ ರೆಕಾರ್ಡ್ ಮಾಡು.”

“ಅದನ್ನ ಅಳಿಸಂಗಿಲ್ಲ.”

“ಯಾಕ?”

“ಅದು ನಾ ಬಡಿದದ್ದಲ್ಲ. ನಮ್ಮಪ್ಪ ಬಡಿದದ್ದು.”

“ಲಕ್ವಾ ಹೊಡದ ಮ್ಯಾಲೆ ಅವರ ಬಲಗೈ ಏಳಂಗಿಲ್ಲ ಅಂದಿದ್ದೆಲ್ಲ?”

“ಖರೆ. ಬೀರಪ್ಪನ ಗುಡಿ ಮುಂದ ಜೀವಮಾನ ಪೂರ್ತಿ ಡೊಳ್ಳು ಬಡದಾಂವ, ಈಗ ಅದರ ಸಪ್ಪಳ ಕೇಳಿದ್ರ ಒಳಗ ಹೋಗಿ ಮಲಗ್ತಿದ್ದ. ಮೊನ್ನೆ ನಾ ರೆಕಾರ್ಡ್ ಮಾಡಾಕ ಪೆಟ್ಟಿಗಿ ಬಡಿಯೂದು ಕೇಳಿ ಪಡಸಾಲಿಗೆ ಬಂದ. ‘ಹಿಂಗಲ್ಲಲೇ, ಆಕಡೆ ಸರಿ’ ಅಂದು, ತಾನ ಎಡಗೈಲೆ ಒತ್ತಾಕ ಹತ್ತಿದ.”

ರಾಚಪ್ಪ ಟೇಪನ್ನು ಹಿಂದಕ್ಕೆ ಸುತ್ತಿ ಆ ಭಾಗವನ್ನು ಇನ್ನೊಮ್ಮೆ ಕೇಳಿದ.

“ಆಮ್ಯಾಲೆ ಏನಂದ್ರು?”

“ಈಗ ದಿನಾ ಸಂಜಿಗೆ ‘ಪೆಟ್ಟಿಗಿ ತಾ’ ಅಂತಾನ.”

“ಹಂಗಾದ್ರ ಇರಲಿ ಬಿಡು. ಅವರ ಕೈ ಎಲ್ಲಿ ತಡೀತೈತೋ, ನನ್ನ ಹಾಡೂ ಅಲ್ಲೇ ನಿಂತು ಮುಂದ ಹೋಗ್ತೈತಿ.”

ಬಾದಾಮಿ ಬಸ್ಸು ಬಂತು. ಲಕ್ಷ್ಮಪ್ಪ ಕ್ಯಾಸೆಟ್ ತೆಗೆದು ಕೊಟ್ಟ. ರಾಚಪ್ಪ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ.

“ನಾನೂ ನಡೀತೇನಿ. ಅಪ್ಪ ಕಾಯ್ತಿರ್ತಾನ,” ಎಂದು ಲಕ್ಷ್ಮಪ್ಪ ಟೇಪ್ ರೆಕಾರ್ಡರ್ ಎತ್ತಿಕೊಂಡು ಊರೊಳಗೆ ಹೊರಟ.